‘ದನಿ ಕೇಳಿ ಮನಸ್ಸು ಅರಿಯದವರಿಗೆ ಹೃದಯವೇ ಇಲ್ಲ’ ಎನ್ನುವ ಫಾರ್ವರ್ಡ್: ನಿಜ ಎಷ್ಟು, ಸುಳ್ಳು ಎಷ್ಟು?

“ಮಾತಿನಲ್ಲಿ ಪದಗಳ ಪಾಲು ಬರೀ ಶೇ 7. ಉಳಿದ ಶೇ 93 ದನಿ ಮತ್ತು ಮುಖಭಾವ. ತಾಯಿಯ ದನಿಯಲ್ಲಿರುವ ನೋವು ಅರ್ಥವಾಗದ ಮಗುವಿಗೆ ಹೃದಯವೇ ಇಲ್ಲ. ಎಲ್ಲ ಪೋಷಕರಿಗೂ ತಲುಪಿಸಿ.” ಕೊನೆಯಲ್ಲಿ ಕೈಮುಗಿದ ಎರಡು ಇಮೋಜಿ, ಒಂದು ಅಳುವ ಮುಖ. ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ನಮ್ಮ ತಂಡದ ಒಬ್ಬರ ಮನೆಯ ಗ್ರೂಪಿಗೂ ಬಂತು. ಆ ಗ್ರೂಪಿನಲ್ಲಿ ಅವರ ಅಕ್ಕ ಇದ್ದಾರೆ. ಅಕ್ಕನ ಮಗನಿಗೆ ಒಂಬತ್ತು ವರ್ಷ. ಹಿಂದಿನ ವಾರವಷ್ಟೇ ಶಾಲೆಯಲ್ಲಿ ಟೀಚರ್ ಅವನ ನೋಟ್‌ಬುಕ್ ನೋಡಿ, “ಆಹಾ, ಏನ್ ಮುತ್ತಿನಂಥ ಅಕ್ಷರ! ಹೀಗೇ ಬರಿ” ಎಂದಿದ್ದರು. ಕ್ಲಾಸೆಲ್ಲ ನಕ್ಕಿತು. ಹುಡುಗ ಖುಷಿಯಿಂದ ಇನ್ನೂ ಎರಡು ಪುಟ ಹಾಗೇ ಬರೆದು ತಂದು ತೋರಿಸಿದ. ಎಷ್ಟು ಕೊಬ್ಬು ಎಂದು ಹೊರಗೆ ನಿಲ್ಲಿಸಿದರು. ಶಿಕ್ಷೆ ಯಾಕೆ ಎಂದು ಅವನಿಗೆ ಸಂಜೆಯಾದರೂ ತಿಳಿಯಲಿಲ್ಲ.

ಫಾರ್ವರ್ಡ್ ಓದಿದ ಅಕ್ಕ ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ರಾತ್ರಿ ತಮ್ಮನಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ನಾನು ಅತ್ತರೂ ಇವನು ಬಂದು ‘ಊಟಕ್ಕೆ ಏನಮ್ಮಾ’ ಅಂತಾನೆ ಕಣೋ. ನಿಜವಾಗ್ಲೂ ಇವನಿಗೆ ನನ್ನ ಮೇಲೆ ಪ್ರೀತಿ ಇಲ್ವಾ?”

ಆದ್ದರಿಂದ ಈ ಫಾರ್ವರ್ಡ್ ಅನ್ನು ನಾವು ಸಾಲುಸಾಲಾಗಿ ಪರಿಶೀಲಿಸಿದ್ದೇವೆ.

ಚುಟುಕಾಗಿ ಹೇಳುವುದಾದರೆ

• ದನಿಯಲ್ಲಿ ಭಾವನೆ ಇರುತ್ತದೆ: ನಿಜ.
• ಮಾತಿನ ಶೇ 93 ಭಾಗ ದನಿ ಮತ್ತು ಮುಖಭಾವ: ಒಂದು ಹಳೆಯ ಪ್ರಯೋಗವನ್ನು ತಪ್ಪಾಗಿ ಓದಿದ್ದರಿಂದ ಬಂದ ಲೆಕ್ಕ.
• ದನಿಯ ಭಾವ ಗುರುತಿಸಲಾಗದವರಿಗೆ ಕರುಣೆ ಇಲ್ಲ: ಸುಳ್ಳು. ಗುರುತಿಸುವುದು ಬೇರೆ, ಅನುಭವಿಸುವುದು ಬೇರೆ.

ಒಂದೇ ‘ಹೂಂ’, ಅರ್ಥ ಮಾತ್ರ ಹಲವು

ಕನ್ನಡದ ‘ಹೂಂ’ ತೆಗೆದುಕೊಳ್ಳಿ. ಕಥೆ ಕೇಳುವ ಮೊಮ್ಮಗಳ ‘ಹೂಂ’ ಎಂದರೆ ಮುಂದೆ ಹೇಳು ಎಂದರ್ಥ. ಸಾಲ ಕೇಳಿದಾಗ ನೆಂಟರು ಎಳೆದು ಹೇಳುವ ‘ಹೂಂ...’ ಎಂದರೆ ಆಗುವುದಿಲ್ಲ ಎಂದರ್ಥ. ಜಗಳದ ಮಧ್ಯೆ ಹೆಂಡತಿ ಮೊಟಕಾಗಿ ಹೇಳುವ ‘ಹೂಂ’ ಅಂತೂ ಯಾವ ಗಂಡನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರ ಅದೇ. ಬದಲಾಗುವುದು ದನಿಯ ಏರಿಳಿತ, ಜೋರು, ವೇಗ ಮತ್ತು ದನಿ ಗಡುಸೋ ಮೆದುವೋ ಎಂಬ ಗುಣ. ಈ ನಾಲ್ಕನ್ನೂ ಸೇರಿಸಿ ನಾವು ಮಾತಿನ ಧಾಟಿ ಎನ್ನುತ್ತೇವೆ.

ಧಾಟಿ ಬದಲಾಗಲು ಕಾರಣ ನಮ್ಮ ಮೈಯಲ್ಲೇ ಇದೆ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಸಾಮಾನ್ಯ ಮಾತಿನಲ್ಲಿ ಗಂಡಸರಲ್ಲಿ ಇವು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಕೋಪ ಅಥವಾ ಭಯವಾದಾಗ ಎದೆಬಡಿತ, ಉಸಿರು ಹೆಚ್ಚುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಬಿಗಿದ ತಂತುಗಳು ವೇಗವಾಗಿ ಕಂಪಿಸುವುದರಿಂದ ದನಿ ಏರುತ್ತದೆ. ದುಃಖದಲ್ಲಿ ಮೈ ಸೋತಾಗ ಉಸಿರಿನ ಒತ್ತಡ ಕಡಿಮೆಯಾಗಿ ದನಿ ತಗ್ಗುತ್ತದೆ, ನಿಧಾನವಾಗುತ್ತದೆ, ಏರಿಳಿತ ಕುಗ್ಗುತ್ತದೆ.

ಇಲ್ಲೊಂದು ತೊಡಕಿದೆ. ಕೋಪ, ಭಯ, ಅತಿಯಾದ ಸಂತೋಷ ಮೂರರಲ್ಲೂ ದನಿ ಏರುತ್ತದೆ, ಮಾತು ಚುರುಕಾಗುತ್ತದೆ. ಸುಸ್ತು ಮತ್ತು ದುಃಖ ಎರಡರಲ್ಲೂ ದನಿ ಇಳಿಯುತ್ತದೆ. ಅಂದರೆ ದನಿ ನಮಗೆ ‘ಮೈಯಲ್ಲಿ ಎಷ್ಟು ಉದ್ವೇಗ ಇದೆ’ ಎಂಬುದನ್ನು ಸುಲಭವಾಗಿ ಹೇಳುತ್ತದೆ. ‘ಯಾವ ಭಾವನೆ’ ಎಂಬುದನ್ನು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಪಕ್ಕದ ಮನೆಯಲ್ಲಿ ಕೂಗಾಟ ಕೇಳಿ ಜಗಳ ಎಂದುಕೊಂಡು ಓಡಿದರೆ, ಅಲ್ಲಿ ಕ್ರಿಕೆಟ್ ಮ್ಯಾಚ್ ನಡೆಯುತ್ತಿರುತ್ತದೆ.

ಶೇ 93 ಎಂಬ ಲೆಕ್ಕ ಎಲ್ಲಿಂದ ಬಂತು?

1967ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಂಗಡಿಗರು ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಒಂದರಲ್ಲಿ ಬಿಡಿಬಿಡಿ ಪದಗಳನ್ನು ಬೇರೆ ಬೇರೆ ಧಾಟಿಯಲ್ಲಿ ಹೇಳಿಸಿ ಕೇಳಿಸಿದರು. ಇನ್ನೊಂದರಲ್ಲಿ ‘ಇರಬಹುದು’ ಎಂಬ ಅರ್ಥದ ಒಂದೇ ಇಂಗ್ಲಿಷ್ ಪದವನ್ನು ಹಲವು ಧಾಟಿಗಳಲ್ಲಿ ಕೇಳಿಸುತ್ತಾ ಮುಖದ ಫೋಟೊಗಳನ್ನು ತೋರಿಸಿದರು. ಕೇಳಿದ ಪ್ರಶ್ನೆ ಒಂದೇ: ಈ ವ್ಯಕ್ತಿಗೆ ಎದುರಿನವರ ಮೇಲೆ ಇಷ್ಟ ಇದೆಯೋ ಇಲ್ಲವೋ?

ಎರಡೂ ಪ್ರಯೋಗಗಳ ಫಲಿತಾಂಶ ಸೇರಿಸಿ ಮಾಡಿದ ಲೆಕ್ಕವೇ ಪದಕ್ಕೆ ಶೇ 7, ದನಿಗೆ ಶೇ 38, ಮುಖಕ್ಕೆ ಶೇ 55. ಪದ ಒಂದು ಹೇಳಿ, ದನಿ ಇನ್ನೊಂದು ಹೇಳಿದಾಗ ‘ಇಷ್ಟ–ಅನಿಷ್ಟ’ವನ್ನು ಜನ ಯಾವುದರಿಂದ ಅಳೆಯುತ್ತಾರೆ ಎಂಬುದಕ್ಕಷ್ಟೇ ಇದು ಉತ್ತರ. ಭಾವನೆ ಅಥವಾ ಮನೋಭಾವದ ಬಗ್ಗೆ ಮಾತಾಡದ ಕಡೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ವ್ಯಕ್ತಿತ್ವ ವಿಕಸನದ ತರಬೇತಿಗಳಲ್ಲಿ, ಭಾಷಣಗಳಲ್ಲಿ, ಈಗ ವಾಟ್ಸಾಪಿನಲ್ಲಿ ಆ ಸಂಖ್ಯೆ ಓಡಾಡುತ್ತಲೇ ಇದೆ.

ನೀವೇ ಪರೀಕ್ಷಿಸಬಹುದು. ಗೊತ್ತಿಲ್ಲದ ಭಾಷೆಯ ಒಂದು ಸಿನಿಮಾ ಹಾಕಿ. ದನಿ ಇದೆ, ಮುಖ ಇದೆ. ಫಾರ್ವರ್ಡ್ ನಿಜವಾದರೆ ಶೇ 93 ಭಾಗ ಕಥೆ ಅರ್ಥವಾಗಬೇಕಿತ್ತು. ಯಾರೋ ಸಿಟ್ಟಾಗಿದ್ದಾರೆ ಎಂದು ತಿಳಿಯುತ್ತದೆ. ಯಾಕೆ, ಯಾರ ಮೇಲೆ, ಮುಂದೇನು ಎಂಬುದಕ್ಕೆ ಪದಗಳೇ ಬೇಕು.

ಹಾಗಾದರೆ ನಾವು ಎಷ್ಟು ಸರಿಯಾಗಿ ಗುರುತಿಸುತ್ತೇವೆ?

2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಲಾಸ್ ಶೆರರ್ ಮತ್ತು ಸಂಗಡಿಗರು ಒಂಬತ್ತು ದೇಶಗಳ ಜನರಿಗೆ ಜರ್ಮನ್ ನಟರ ದನಿ ಕೇಳಿಸಿದರು. ವಾಕ್ಯಗಳು ಯಾವ ಭಾಷೆಯವೂ ಅಲ್ಲ, ಅರ್ಥವಿಲ್ಲದ ಉಚ್ಚಾರಗಳು. ಹಾಗಿದ್ದರೂ ಸರಾಸರಿ ಶೇ 66ರಷ್ಟು ಸಲ ಭಾವನೆಯನ್ನು ಸರಿಯಾಗಿ ಹೇಳಿದರು. ಸುಮ್ಮನೆ ಊಹಿಸಿದರೆ ಬರುವುದಕ್ಕಿಂತ ಇದು ಬಹಳ ಹೆಚ್ಚು. ಆದರೆ ಜರ್ಮನಿಯವರು ಶೇ 74 ಸರಿ ಹೇಳಿದರೆ, ಇಂಡೊನೇಷ್ಯಾದವರು ಶೇ 52. ಭಾಷೆ ದೂರವಾದಷ್ಟೂ ತಪ್ಪು ಹೆಚ್ಚಿತು.

2010ರಲ್ಲಿ ಡೀಸಾ ಸಾಟರ್ ಮತ್ತು ಸಂಗಡಿಗರು ಬ್ರಿಟನ್ನಿನವರ ನಗು, ಕಿರುಚಾಟ, ನಿಟ್ಟುಸಿರುಗಳನ್ನು ನಮೀಬಿಯಾದ ಹಿಂಬಾ ಜನರಿಗೂ, ಹಿಂಬಾ ಜನರದ್ದನ್ನು ಬ್ರಿಟನ್ನಿನವರಿಗೂ ಕೇಳಿಸಿದರು. ಕೋಪ, ಭಯ, ದುಃಖ, ಅಸಹ್ಯದಂಥ ಭಾವಗಳೂ ತಮಾಷೆಯ ನಗುವೂ ಎರಡೂ ಕಡೆ ಅರ್ಥವಾದವು. ಏನನ್ನೋ ಸಾಧಿಸಿದ ಹೆಮ್ಮೆ, ಹಾಯೆನಿಸಿದ ನೆಮ್ಮದಿಯಂಥವು ಹಾಗೆ ದಾಟಲಿಲ್ಲ.

ಇದಕ್ಕೆ ನಮೀಬಿಯಾಕ್ಕೆ ಹೋಗಬೇಕಾಗಿಯೂ ಇಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯ ಗೆಳೆಯರು ಸಹಜವಾಗಿ ಮಾತಾಡಿದರೂ ಮೈಸೂರು ಕಡೆಯವರು “ಯಾಕೆ ಜಗಳ ಆಡ್ತಿದ್ದೀರಿ?” ಎಂದು ಕೇಳಿರುವುದನ್ನು ಹಾಸ್ಟೆಲಿನಲ್ಲಿ ಇದ್ದವರೆಲ್ಲ ನೋಡಿರುತ್ತಾರೆ. ಒಂದೇ ಭಾಷೆಯೊಳಗೂ ಧಾಟಿಯ ಪಾಠ ಬೇರೆ ಬೇರೆ.

“ದನಿ ಕೇಳಿಯೇ ಸುಳ್ಳು ಹಿಡೀಬಹುದು” ಎನ್ನುವ ಫಾರ್ವರ್ಡ್‌ಗಳೂ ಇವೆ. ಜನರು ಸುಳ್ಳನ್ನು ಎಷ್ಟು ಸರಿಯಾಗಿ ಹಿಡಿಯುತ್ತಾರೆ ಎಂದು ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಬಂದ ಉತ್ತರ ಸರಾಸರಿ ಶೇ 54. ನಾಣ್ಯ ಚಿಮ್ಮಿ ಹೇಳಿದರೂ ಶೇ 50 ಬರುತ್ತದೆ.

ಮಿದುಳಿನಲ್ಲಿ ಏನು ನಡೆಯುತ್ತದೆ?

ದನಿಯ ಪಾಠ ಹುಟ್ಟುವ ಮೊದಲೇ ಶುರುವಾಗುತ್ತದೆ. ಹುಟ್ಟಿ ಕೆಲವೇ ದಿನವಾದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ಅಮ್ಮನ ದನಿ ಕೇಳಲು ಹೆಚ್ಚು ಇಷ್ಟಪಡುತ್ತವೆ ಎಂಬುದನ್ನು 1980ರಲ್ಲೇ ತೋರಿಸಲಾಗಿದೆ. ಕಿವಿಯ ಮೇಲ್ಭಾಗಕ್ಕೆ ಹತ್ತಿರವಿರುವ ಮಿದುಳಿನ ಭಾಗದಲ್ಲಿ, ಬೇರೆ ಸದ್ದುಗಳಿಗಿಂತ ಮನುಷ್ಯರ ದನಿಗೆ ಹೆಚ್ಚು ಸ್ಪಂದಿಸುವ ಜಾಗಗಳಿವೆ ಎಂದು 2000ದಲ್ಲಿ ಪ್ಯಾಸ್ಕಲ್ ಬೆಲಿನ್ ಮತ್ತು ಸಂಗಡಿಗರು ಸ್ಕ್ಯಾನ್ ಮೂಲಕ ಕಂಡುಕೊಂಡರು. ಸಾಮಾನ್ಯವಾಗಿ ಪದ, ವ್ಯಾಕರಣಕ್ಕೆ ಮಿದುಳಿನ ಎಡಭಾಗ ಹೆಚ್ಚು ದುಡಿದರೆ, ಧಾಟಿಗೆ ಬಲಭಾಗದ ಪಾಲು ದೊಡ್ಡದು.

ಬಲಭಾಗಕ್ಕೆ ಪೆಟ್ಟಾದರೆ ಏನಾಗುತ್ತದೆ? 1979ರಲ್ಲಿ ಎಲಿಯಟ್ ರಾಸ್ ಮತ್ತು ಮಾರ್ಸೆಲ್ ಮೆಸುಲಮ್ ಎಂಬ ನರವೈದ್ಯರು ಅಮೆರಿಕದ ಒಬ್ಬ ಶಾಲಾ ಶಿಕ್ಷಕಿಯ ಬಗ್ಗೆ ಬರೆದರು. ಪಾರ್ಶ್ವವಾಯುವಿನ ನಂತರ ಅವರ ಮಾತು ಸರಿ ಇತ್ತು, ಬುದ್ಧಿ ಸರಿ ಇತ್ತು, ಒಳಗೆ ಭಾವನೆಯೂ ಇತ್ತು. ಆದರೆ ದನಿಯಲ್ಲಿ ಏರಿಳಿತವೇ ಹೋಗಿತ್ತು. ಸಿಟ್ಟು ಬಂದರೂ ದನಿ ಸಪಾಟು. ತರಗತಿಯ ಮಕ್ಕಳನ್ನು ಹತೋಟಿಯಲ್ಲಿಡಲು ಆಗದಾಯಿತು. ಕೊನೆಗೆ ಅವರು ಕಂಡುಕೊಂಡ ದಾರಿ ಸರಳ: ತನಗೆ ಸಿಟ್ಟು ಬಂದಿದೆ, ಇದು ತಮಾಷೆಯಲ್ಲ ಎಂದು ಮಾತಿನಲ್ಲೇ ಸೇರಿಸಿ ಹೇಳುವುದು. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾರಿಗೆಲ್ಲ ಕಷ್ಟವಾಗಬಹುದು?

ದನಿಯ ಭಾವ ಗುರುತಿಸಲು, ಅಥವಾ ದನಿಯಲ್ಲಿ ಭಾವ ತೋರಿಸಲು ಕಷ್ಟಪಡುವವರು ನಮ್ಮ ಮನೆಗಳಲ್ಲೇ ಇದ್ದಾರೆ.

ಕಿವಿ ಮಂದವಾದವರು: ಪದ ಕೇಳಿಸಿಕೊಳ್ಳಲೇ ಹೆಣಗುವಾಗ ಧಾಟಿ ತಪ್ಪಿಹೋಗುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳು ಪದಗಳನ್ನು ಚೆನ್ನಾಗಿ ಹಿಡಿದರೂ, ಆ ಉಪಕರಣ ದನಿಯ ಏರಿಳಿತದ ಸೂಕ್ಷ್ಮಗಳನ್ನು ಪೂರ್ತಿಯಾಗಿ ದಾಟಿಸುವುದಿಲ್ಲ.

ವಯಸ್ಸಾದವರು: ವಯಸ್ಸಾದಂತೆ ದನಿಯ ಭಾವ ಗುರುತಿಸುವ ಶಕ್ತಿ ಸ್ವಲ್ಪ ಕುಗ್ಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಜ್ಜನಿಗೆ ನಿಮ್ಮ ಬೇಸರ ತಿಳಿಯಲಿಲ್ಲ ಎಂದರೆ ಅಜ್ಜನಿಗೆ ಅಕ್ಕರೆ ಇಲ್ಲ ಎಂದಲ್ಲ.

ಪಾರ್ಕಿನ್ಸನ್ ಕಾಯಿಲೆ ಇರುವವರು: ದನಿ ಮೆಲ್ಲಗಾಗಿ ಒಂದೇ ಮಟ್ಟದಲ್ಲಿ ಹೋಗುತ್ತದೆ, ಮುಖದ ಚಲನೆಯೂ ಕಡಿಮೆಯಾಗುತ್ತದೆ. “ಅಪ್ಪನಿಗೆ ಈಗ ಯಾವುದರಲ್ಲೂ ಆಸಕ್ತಿಯೇ ಇಲ್ಲ” ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಆಸಕ್ತಿ ಒಳಗೆ ಇರಬಹುದು, ಅದನ್ನು ಹೊರಗೆ ತರುವ ಸ್ನಾಯುಗಳು ಮಾತು ಕೇಳುತ್ತಿರುವುದಿಲ್ಲ.

ಸಾಮಾಜಿಕ ಸಂವಹನದಲ್ಲಿ ತೊಂದರೆ ಇರುವವರು: ಇವರಿಗೆ ಪದ, ವ್ಯಾಕರಣ ಗೊತ್ತಿರುತ್ತದೆ. ಎಲ್ಲಿ, ಯಾರೊಂದಿಗೆ, ಯಾವ ಧಾಟಿಯಲ್ಲಿ ಎನ್ನುವುದು ಕಷ್ಟ. ಕೊಂಕು, ಸೂಚನೆ, ಒಗಟಿನಂಥ ಮಾತು ನೇರ ಅರ್ಥದಲ್ಲೇ ಕೇಳಿಸುತ್ತದೆ. ಇದು ಆಟಿಸಂ ಇರುವವರಲ್ಲಿ ಸಾಮಾನ್ಯ. ಆಟಿಸಂ ಇಲ್ಲದೆಯೂ ಇಂಥ ತೊಂದರೆ ಇರಬಹುದು ಎಂದು ಗುರುತಿಸಿ, 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಬೇರೆಯೇ ಹೆಸರು ಕೊಡಲಾಯಿತು.

ಆಟಿಸಂ ಮತ್ತು ‘ಕರುಣೆ ಇಲ್ಲ’ ಎಂಬ ಆರೋಪ

ಫಾರ್ವರ್ಡಿನ ಅತ್ಯಂತ ನೋವಿನ ಸಾಲು ಇದು. ಇದರಲ್ಲಿ ಎರಡು ಬೇರೆ ವಿಷಯಗಳನ್ನು ಒಂದಾಗಿ ಕಟ್ಟಿದ್ದಾರೆ. ಇನ್ನೊಬ್ಬರ ದನಿಯಿಂದ ಅವರ ಭಾವನೆ ಗುರುತಿಸುವುದು ಒಂದು ಕೌಶಲ. ಅವರಿಗೆ ನೋವಾಗಿದೆ ಎಂದು ತಿಳಿದ ಮೇಲೆ ಮರುಗುವುದು ಬೇರೆ. ಪತ್ರ ಓದಲು ಬಾರದವನಿಗೆ ಪತ್ರ ಬರೆದವರ ಮೇಲೆ ಪ್ರೀತಿ ಇಲ್ಲ ಎನ್ನಲಾಗುವುದೇ?

2002ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ದನಿಯ ತುಣುಕು ಕೇಳಿ ಭಾವನೆ ಹೇಳುವಾಗ ಆಟಿಸಂ ಇರುವ ವಯಸ್ಕರು ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದರು. ಆದರೆ ನಂತರದ ಎಲ್ಲ ಅಧ್ಯಯನಗಳಲ್ಲಿ ಇದು ಒಂದೇ ರೀತಿ ಕಾಣಲಿಲ್ಲ. ಸರಳ ಭಾವನೆಗಳಲ್ಲಿ ಎಷ್ಟೋ ಸಲ ವ್ಯತ್ಯಾಸ ಕಾಣುವುದಿಲ್ಲ. ಕೊಂಕು, ಮುಜುಗರದಂಥ ಬೆರಕೆ ಭಾವನೆಗಳಲ್ಲಿ ಕಾಣುತ್ತದೆ.

ಇದಕ್ಕೆ ಒಂದು ಕಾರಣವನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಕೆಲವರಿಗೆ ತಮ್ಮದೇ ಭಾವನೆಗೆ ಹೆಸರಿಡುವುದು ಕಷ್ಟ. ಎದೆ ಬಡಿದುಕೊಳ್ಳುತ್ತಿದೆ ಎಂದು ಗೊತ್ತಾಗುತ್ತದೆ, ಅದು ಭಯವೋ ಸಿಟ್ಟೋ ತಿಳಿಯದು. ಇದನ್ನು ಅಲೆಕ್ಸಿಥೈಮಿಯಾ ಎನ್ನುತ್ತಾರೆ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಆಟಿಸಂ ಇಲ್ಲದವರಲ್ಲಿ ಸುಮಾರು ಶೇ 5ರಷ್ಟು ಜನರಿಗೆ ಇದು ಕಂಡಿತು. 2012ರಲ್ಲಿ ಪಮೇಲಾ ಹೀಟನ್ ಮತ್ತು ಸಂಗಡಿಗರ ಅಧ್ಯಯನ ದನಿಯ ವಿಷಯದಲ್ಲೂ ಇದನ್ನೇ ಸೂಚಿಸಿತು: ಭಾವನೆ ಗುರುತಿಸುವ ಕಷ್ಟಕ್ಕೆ ಆಟಿಸಂಗಿಂತ ಅಲೆಕ್ಸಿಥೈಮಿಯಾ ಹೆಚ್ಚು ಹೊಣೆ. ಅಂದರೆ ಆಟಿಸಂ ಇರುವ ಎಲ್ಲರಿಗೂ ಈ ಕಷ್ಟ ಇರುವುದಿಲ್ಲ, ಇಲ್ಲದವರಿಗೂ ಇರಬಹುದು.

ಇನ್ನೊಂದು ಮುಖ್ಯ ಮಾತು. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಕೇಳಿದ್ದು ಇದು: ಅರ್ಥವಾಗದಿರುವುದು ಎರಡೂ ಕಡೆಯದಲ್ಲವೇ? ಆಟಿಸಂ ಇರುವವರ ದನಿ, ಮುಖ ನಮಗೂ ಅರ್ಥವಾಗುವುದಿಲ್ಲ. ಆದರೆ ತಪ್ಪನ್ನು ಅವರ ಲೆಕ್ಕಕ್ಕೆ ಮಾತ್ರ ಬರೆಯುತ್ತೇವೆ. 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಪ್ರಯೋಗ ಮಾಡಿದರು, ನಾವು ಚಿಕ್ಕಂದಿನಲ್ಲಿ ಕಿವಿಯಲ್ಲಿ ಪಿಸುಗುಟ್ಟಿ ಆಡುತ್ತಿದ್ದ ಆಟದ ಹಾಗೆ. ಆಟಿಸಂ ಇರುವವರ ಸಾಲು, ಇಲ್ಲದವರ ಸಾಲು ಎರಡೂ ಕಥೆಯನ್ನು ಒಂದೇ ಮಟ್ಟದಲ್ಲಿ ದಾಟಿಸಿದವು. ಎರಡೂ ಬೆರೆತ ಸಾಲಿನಲ್ಲಿ ಮಾತ್ರ ಕಥೆ ಹೆಚ್ಚು ಸೋರಿಹೋಯಿತು.

ಫೋನಿನಲ್ಲಿ ಇದೆಲ್ಲ ಏನಾಗುತ್ತದೆ?

ಮೊದಲಿಗೆ ಮೆಸೇಜ್. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೋಡಿಗಳಿಗೆ ಕೆಲವು ವ್ಯಂಗ್ಯದ, ಕೆಲವು ನೇರ ಮಾತುಗಳನ್ನು ಇಮೇಲಿನಲ್ಲಿ ಅಥವಾ ದನಿಯಲ್ಲಿ ಕಳಿಸಲು ಹೇಳಿದರು. ಎದುರಿನವರಿಗೆ ಸುಮಾರು ಶೇ 78ರಷ್ಟು ಅರ್ಥವಾಗುತ್ತದೆ ಎಂದು ಕಳಿಸಿದವರು ನಂಬಿದ್ದರು. ದನಿಯಲ್ಲಿ ಶೇ 73 ಅರ್ಥವಾಯಿತು. ಇಮೇಲಿನಲ್ಲಿ ಶೇ 56 ಮಾತ್ರ, ಹೆಚ್ಚುಕಡಿಮೆ ಊಹೆಯ ಮಟ್ಟ. ಬರೆಯುವಾಗ ನಮ್ಮ ತಲೆಯೊಳಗೆ ಧಾಟಿ ಕೇಳಿಸುತ್ತಿರುತ್ತದೆ, ಓದುವವರಿಗೆ ಅದು ತಲುಪುವುದಿಲ್ಲ. “ಸರಿ ಬಿಡಿ” ಎಂಬ ಎರಡು ಪದದ ಮೆಸೇಜಿನಿಂದ ಎಷ್ಟು ಮನೆಗಳಲ್ಲಿ ಮುನಿಸಾಗಿಲ್ಲ!

ಎರಡನೆಯದು ವಾಯ್ಸ್ ಮೆಸೇಜ್. ಸಮಯ ಉಳಿಸಲು ದುಪ್ಪಟ್ಟು ವೇಗದಲ್ಲಿ ಕೇಳುವುದು ಈಗ ರೂಢಿ. ನಿಧಾನವಾದ ಮಾತು, ನಡುವಿನ ಮೌನ ದುಃಖದ ದೊಡ್ಡ ಗುರುತುಗಳು. ವೇಗ ಹೆಚ್ಚಿಸಿದಾಗ ಮೊದಲು ಅಳಿಸುವುದು ಅವೇ. ಹಣದ ಲೆಕ್ಕವಾದರೆ ಓಡಿಸಿ ಕೇಳಿ; ಊರಿನಿಂದ ಅಮ್ಮ ಕಳಿಸಿದ್ದಾದರೆ ಸಹಜ ವೇಗದಲ್ಲೇ ಕೇಳಿ.

ದನಿಯ ಪರವಾಗಿಯೂ ಒಂದು ಮಾತಿದೆ. 2017ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕ್ರಾಸ್ ಐದು ಪ್ರಯೋಗಗಳನ್ನು ಪ್ರಕಟಿಸಿದರು. ಮುಖ ನೋಡುತ್ತಾ ಕೇಳಿದವರಿಗಿಂತ, ಬರೀ ದನಿ ಕೇಳಿದವರು ಎದುರಿನವರ ಭಾವನೆಯನ್ನು ಹೆಚ್ಚು ಸರಿಯಾಗಿ ಹೇಳಿದರು. ಮುಖದ ಪಾಲು ಶೇ 55 ಎಂಬ ಫಾರ್ವರ್ಡಿಗೆ ಇದೂ ಒಂದು ಉತ್ತರ.

ಮನೆಯಲ್ಲಿ, ಶಾಲೆಯಲ್ಲಿ ಏನು ಮಾಡಬಹುದು?

• ಭಾವನೆಯನ್ನು ಪದದಲ್ಲಿ ಹೇಳಿ. ದನಿ ಏರಿಸಿ “ಆಯ್ತು, ಮಾಡು ಮಾಡು!” ಎನ್ನುವ ಬದಲು “ನನಗೆ ಸಿಟ್ಟು ಬಂದಿದೆ, ಈಗ ಮೊಬೈಲ್ ಇಡು” ಎನ್ನಿ. ಆ ಶಿಕ್ಷಕಿ ಕಂಡುಕೊಂಡ ಉಪಾಯ ಇದೇ.
• ಕೊಂಕು ಬೇಡ. ಅರ್ಥವಾಗದ ಮಗುವಿಗೆ ಅದು ಹೊಗಳಿಕೆ, ಅರ್ಥವಾಗುವ ಮಗುವಿಗೆ ಅದು ಅವಮಾನ. ಎರಡರಿಂದಲೂ ಅಕ್ಷರ ದುಂಡಗಾಗುವುದಿಲ್ಲ.
• “ನಾನು ಹೇಳಿದ್ದು ನಿನಗೆ ಹೇಗೆ ಕೇಳಿಸಿತು?” ಎಂದು ಕೇಳಿ. ದೊಡ್ಡವರ ನಡುವೆಯೂ ಇದು ಕೆಲಸ ಮಾಡುತ್ತದೆ.
• ಸಪಾಟು ದನಿಯಲ್ಲಿ ಮಾತಾಡುವವರನ್ನು ದನಿಯಿಂದ ಅಳೆಯಬೇಡಿ. ಏನು ಹೇಳಿದರು, ಏನು ಮಾಡಿದರು ನೋಡಿ.
• ಗಲಾಟೆಯ ನಡುವೆ ಮುಖ್ಯ ಮಾತು ಬೇಡ. ಟಿವಿ ಆರಿಸಿ, ಎದುರು ಕೂತು ಹೇಳಿ.

ಯಾವಾಗ ತಜ್ಞರನ್ನು ಕಾಣಬೇಕು?

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸುವುದು, ಟಾಟಾ ಮಾಡುವುದು ಇಲ್ಲದಿದ್ದರೆ, ಒಂದೂಕಾಲು–ಒಂದೂವರೆ ವರ್ಷದ ಹೊತ್ತಿಗೂ ಪದ ಬಾರದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಸೇರಿಸಿ ಹೇಳದಿದ್ದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋದರೆ ತಡಮಾಡಬೇಡಿ. ಮೊದಲ ಹೆಜ್ಜೆ ಕಿವಿಯ ಪರೀಕ್ಷೆ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳ ತಪಾಸಣೆ ನಡೆಯುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ. ಅಂಗನವಾಡಿ ಅಥವಾ ಶಾಲೆಯಲ್ಲಿ ಕೇಳಿ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಆದ್ದರಿಂದ ಶಾಲೆಯಿಂದ ಸಹಕಾರ ಕೇಳುವುದು ಹಕ್ಕು. ದೊಡ್ಡವರಲ್ಲಿ ದನಿ ಇದ್ದಕ್ಕಿದ್ದಂತೆ ಬದಲಾದರೆ, ಜೊತೆಗೆ ಮುಖ ಸೊಟ್ಟಗಾಗುವುದು, ಕೈ ಬಲ ಕಳೆದುಕೊಳ್ಳುವುದು ಕಂಡರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಲೇಖನ ಓದಿ ಯಾರಿಗೂ ನೀವೇ ಕಾಯಿಲೆಯ ಹೆಸರಿಡಬೇಡಿ.

ಆ ಹುಡುಗನ ವಿಷಯ

ಕಿವಿ ಪರೀಕ್ಷೆ ಆಯಿತು, ಕಿವಿ ಸರಿ ಇದೆ. ಉಳಿದ ತಪಾಸಣೆ ಇನ್ನೂ ನಡೆಯುತ್ತಿದೆ. ಅಷ್ಟರಲ್ಲಿ ಮನೆಯಲ್ಲಿ ಒಂದು ಬದಲಾವಣೆ ಮಾಡಿಕೊಂಡರು. ಒಂದು ದಿನ ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಾಗ, ಎಂದಿನಂತೆ “ಊಟಕ್ಕೆ ಏನಮ್ಮಾ” ಎಂದ ಮಗನಿಗೆ, “ನನಗೆ ಇವತ್ತು ತುಂಬಾ ಬೇಜಾರಾಗಿದೆ ಕಣೋ” ಎಂದು ಬಾಯಿಬಿಟ್ಟು ಹೇಳಿದರು. ಹುಡುಗ ಸುಮ್ಮನೆ ನಿಂತ. ಒಳಗೆ ಹೋಗಿ ತನ್ನ ಹೊದಿಕೆ ತಂದು ಅಮ್ಮನಿಗೆ ಹೊದಿಸಿದ, ತನಗೆ ಬೇಜಾರಾದಾಗ ತಾನು ಮಾಡಿಕೊಳ್ಳುವ ಹಾಗೆ. ಈಗ ಅವನೇ ಕೇಳುತ್ತಾನಂತೆ: “ಅಮ್ಮಾ, ಇದು ತಮಾಷೆಯ ‘ಆಯ್ತು’ನಾ, ಕೋಪದ ‘ಆಯ್ತು’ನಾ?”

ಫಾರ್ವರ್ಡ್ ಮತ್ತೆ ಬಂದರೆ

ಹಾಕಿದವರನ್ನು ಗ್ರೂಪಿನಲ್ಲಿ ಬೈಯಬೇಡಿ. ಬಹುತೇಕರು ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಕೆಳಗಿನ ಮೂರು ಸಾಲು ಕಾಪಿ ಮಾಡಿ ಹಾಕಿದರೆ ಸಾಕು:

“ಶೇ 93 ಎಂಬ ಲೆಕ್ಕ ಎಲ್ಲ ಮಾತಿಗೂ ಅನ್ವಯಿಸುವುದಿಲ್ಲ, 1967ರ ಪ್ರಯೋಗ ಮಾಡಿದವರೇ ಹಾಗೆ ಹೇಳಿದ್ದಾರೆ. ದನಿಯ ಭಾವ ಗುರುತಿಸಲು ಕಷ್ಟಪಡುವ ಮಕ್ಕಳಿಗೂ ದೊಡ್ಡವರಿಗೂ ಪ್ರೀತಿ, ಕರುಣೆ ಇರುತ್ತದೆ. ಅವರಿಗೆ ಭಾವನೆಯನ್ನು ಪದದಲ್ಲಿ ಹೇಳಿ, ಸಂದೇಹವಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.”